ಫೋನಿನ ಚೆಂದ ಯಾರ ಕಣ್ಣಿಗೆ?

ಪ್ರಶ್ನೆ: ಹೊಸ ಫೋನಿಗಾಗಿ ಎರಡು ತಿಂಗಳಿಂದ ಹುಡುಕಿ ಕೊನೆಗೆ ಎರಡನ್ನು ಉಳಿಸಿಕೊಂಡಿದ್ದೇನೆ. ಒಂದು ತೆಳ್ಳಗಿದೆ, ಬೆನ್ನಿಗೆ ಗಾಜು, ಪರದೆಯ ಎರಡೂ ಅಂಚು ಬಾಗಿ ಇಳಿದಿವೆ. ಕೈಗೆ ತೆಗೆದುಕೊಂಡರೆ ವಾಪಸ್ ಇಡಲು ಮನಸ್ಸಾಗುವುದಿಲ್ಲ. ಇನ್ನೊಂದು ಪ್ಲಾಸ್ಟಿಕ್ ಬೆನ್ನಿನ, ದಪ್ಪನೆಯ, ಇಟ್ಟಿಗೆಯಂಥ ಫೋನ್. ಬ್ಯಾಟರಿ ದೊಡ್ಡದು, ಇಯರ್‌ಫೋನಿನ ತೂತೂ ಇದೆ. ಬೆಲೆ ಹೆಚ್ಚುಕಡಿಮೆ ಒಂದೇ. ಅಣ್ಣ ಎರಡನೆಯದೇ ಸರಿ ಅನ್ನುತ್ತಾನೆ. ಚೆಂದ ನೋಡಿ ಫೋನ್ ಕೊಳ್ಳುವುದು ದಡ್ಡತನವೇ?

ಉತ್ತರ: ದಡ್ಡತನವೇನೂ ಅಲ್ಲ. ದಿನವಿಡೀ ಕೈಯಲ್ಲಿರುವ ವಸ್ತು ಕಣ್ಣಿಗೂ ಹಿತವಾಗಿರಲಿ ಎಂದು ಯಾರಿಗೆ ಅನ್ನಿಸುವುದಿಲ್ಲ? ಆದರೆ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಮನಸೋತ ಫೋನಿನ ಬಗ್ಗೆ ಬರೆದಿರುವುದು ಮೂರೇ ಮಾತು: ತೆಳು, ಗಾಜಿನ ಬೆನ್ನು, ಬಾಗಿದ ಅಂಚು. ಇವುಗಳಲ್ಲಿ ಬೆನ್ನು ನಿಮಗೆ ಕಾಣುವುದೇ ಅಪರೂಪ. ನೀವು ಫೋನ್ ಬಳಸುತ್ತಿರುವಾಗ ಅದರ ಬೆನ್ನು ಕಾಣುವುದು ಎದುರಿಗೆ ಕೂತವರಿಗೆ. ನಿಮ್ಮ ಪಾಲಿಗೆ ಬರುವುದು ಪರದೆ, ತೂಕ, ಅಂಚು, ಗುಂಡಿ. ಆದ್ದರಿಂದ ಚೆಂದ ಬೇಕೋ ಬೇಡವೋ ಎಂದು ಅಣ್ಣನ ಜೊತೆ ಜಗಳ ಕಾಯುವ ಮೊದಲು, ಈ ಚೆಂದ ಯಾರ ಕಣ್ಣಿಗೆ ಎಂದು ಕೇಳಿಕೊಳ್ಳಿ. ಗಂಟು ಅರ್ಧ ಸಡಿಲವಾಗುತ್ತದೆ.

ಇನ್ನೊಂದು ಬಲೆಯೂ ಇದೆ. ನೋಡಲು ಸೊಗಸಾದದ್ದು ಬಳಸಲೂ ಸಲೀಸು ಎಂದು ಮನಸ್ಸು ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. 1995ರಲ್ಲಿ ಜಪಾನಿನ ಹಿಟಾಚಿ ವಿನ್ಯಾಸ ಕೇಂದ್ರದ ಮಸಾಕಿ ಕುರೊಸು ಮತ್ತು ಕಾವೊರಿ ಕಶಿಮುರ ಎಟಿಎಂ ಪರದೆಯ ಗುಂಡಿಗಳನ್ನು 26 ರೀತಿಯಲ್ಲಿ ಜೋಡಿಸಿ 252 ಜನರ ಮುಂದಿಟ್ಟರು. ಯಾವುದು ಅಂದ, ಯಾವುದು ಸುಲಭ ಎಂದು ಅಂಕ ಕೊಡಲು ಹೇಳಿದರು. ಜನ 'ಸುಲಭ' ಎಂದು ಕೊಟ್ಟ ಅಂಕ ನಿಜವಾದ ಸುಲಭತೆಗಿಂತ ಹೆಚ್ಚಾಗಿ ಅಂದದ ಅಂಕವನ್ನೇ ಹಿಂಬಾಲಿಸಿತ್ತು. ಇದು ಜಪಾನೀಯರ ವಿಚಿತ್ರ ಇರಬಹುದು ಎಂದುಕೊಂಡು ಇಸ್ರೇಲಿನಲ್ಲಿ ನೋಮ್ ಟ್ರಾಕ್ಟಿನ್‌ಸ್ಕಿ ಮತ್ತೆ ಪರೀಕ್ಷಿಸಿದರು, ಅಲ್ಲೂ ಕಥೆ ಅದೇ ಆಯಿತು. ಅಂಗಡಿಯಲ್ಲಿ ಐದು ನಿಮಿಷ ಫೋನ್ ಹಿಡಿದು 'ಎಷ್ಟು ಸಲೀಸಾಗಿದೆ' ಅನ್ನಿಸಿದರೆ, ಆ ಮಾತನ್ನು ಆಡಿಸಿದ್ದು ಕೈಯೋ ಕಣ್ಣೋ ಎಂದು ಅನುಮಾನ ಪಡಲೇಬೇಕು.

ಈಗ ನಿಮ್ಮ ಮೂರು ಆಕರ್ಷಣೆಗಳನ್ನು ಬಿಡಿಸಿ ನೋಡೋಣ. ಬಾಗಿದ ಅಂಚಿನ ಬಗ್ಗೆ ನನಗೆ ಮೊದಲಿಂದಲೂ ತಕರಾರಿದೆ, ಅದನ್ನು ಮುಚ್ಚಿಡುವುದಿಲ್ಲ. 2015ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್6 ಎಡ್ಜ್ ಬಂದಾಗ ಎಲ್ಲರೂ ಬೆರಗಾದರು, ನಾನೂ ಆದೆ. ಆಮೇಲೆ ಒಂದೊಂದೇ ಬಣ್ಣ ಬಯಲಾಯಿತು. ಅಂಗೈಯ ಮಾಂಸಖಂಡ ಅಂಚಿಗೆ ತಾಗಿ, ಮುಟ್ಟದ ಗುಂಡಿಗಳೆಲ್ಲ ಒತ್ತಿಹೋಗುತ್ತವೆ. ಬಾಗಿದಲ್ಲಿ ಬೆಳಕು ಪ್ರತಿಫಲಿಸಿ, ಓದುವ ಸಾಲಿನ ಕೊನೆಯಕ್ಷರದ ಮೇಲೆ ಬಿಳಿ ಗೆರೆ ಬೀಳುತ್ತದೆ. ಸಾಮಾನ್ಯ ಟೆಂಪರ್ಡ್ ಗಾಜು ಅಂಟಿಸಿದರೆ ಅಂಚಿನಲ್ಲಿ ಗಾಳಿ ಹಿಡಿದು ಏಳುತ್ತದೆ. ಕವರ್ ಹಾಕೋಣವೆಂದರೆ, ಅದರ ತುಟಿ ಪರದೆಗಿಂತ ಎತ್ತರ ನಿಂತರೆ ತಾನೇ ಕಾಪಾಡುವುದು? ಬಾಗಿದ ಫೋನಿನ ಪಕ್ಕದಲ್ಲಿ ಆ ತುಟಿಗೆ ಜಾಗವೇ ಇರುವುದಿಲ್ಲ. ಬಿದ್ದಾಗ ಮೊದಲು ನೆಲ ಕಾಣುವುದು ಮೂಲೆ ಮತ್ತು ಅಂಚು, ಬಾಗಿದ ಫೋನಿನಲ್ಲಿ ಅಲ್ಲಿರುವುದು ಗಾಜು. ಕೊನೆಗೆ ಆ ಕಂಪನಿಯೇ 2024ರ ಗ್ಯಾಲಕ್ಸಿ ಎಸ್24 ಅಲ್ಟ್ರಾಗೆ ಸಪಾಟು ಪರದೆ ಕೊಟ್ಟಿತು. ಬೆರಗು ಮಾಸಲು ಒಂಬತ್ತು ವರ್ಷ ಬೇಕಾಯಿತು!

ತೆಳುವಿನ ವಿಷಯದಲ್ಲಿ ನಾನು ಅಷ್ಟು ಕಟುವಲ್ಲ. ಒಂದೇ ಕಂಪನಿಯ, ಒಂದೇ ವರ್ಷದ, ಒಂದೇ ಅಳತೆಯ ಪರದೆಯ ಎರಡು ಫೋನುಗಳನ್ನು ಹೋಲಿಸಿದರೆ ಲೆಕ್ಕ ಸ್ಪಷ್ಟವಾಗುತ್ತದೆ. 2025ರ ಗ್ಯಾಲಕ್ಸಿ ಎಸ್25 ಪ್ಲಸ್ 7.3 ಮಿಲಿಮೀಟರ್ ದಪ್ಪ, 190 ಗ್ರಾಂ ತೂಕ, ಬ್ಯಾಟರಿ 4,900 ಎಂಎಎಚ್. ಅದರದೇ ತೆಳು ತಂಗಿ ಎಸ್25 ಎಡ್ಜ್ 5.8 ಮಿಲಿಮೀಟರ್, 163 ಗ್ರಾಂ, 3,900 ಎಂಎಎಚ್. ಒಂದೂವರೆ ಮಿಲಿಮೀಟರಿಗೆ ಬ್ಯಾಟರಿಯ ಐದನೇ ಒಂದು ಭಾಗ ಹೋಯಿತು, ದೂರದ್ದನ್ನು ಹತ್ತಿರ ತರುವ ಕ್ಯಾಮೆರಾವೂ ಹೋಯಿತು. ಆದರೆ 27 ಗ್ರಾಂ ಹಗುರವಾಯಿತಲ್ಲ, ಅದು ತೋರಿಕೆಯ ಲಾಭವಲ್ಲ. ಮಲಗಿ ಓದುವವರ ಕಿರುಬೆರಳನ್ನು ಕೇಳಿ, ಮಣಿಕಟ್ಟನ್ನು ಕೇಳಿ. ದಿನದಲ್ಲಿ ಎರಡು ಸಲ ಚಾರ್ಜ್ ಮಾಡಲು ಅಡ್ಡಿಯಿಲ್ಲದವರು, ಮನೆ-ಕಚೇರಿ ಎರಡೂ ಕಡೆ ಪ್ಲಗ್ ಸಿಗುವವರು ತೆಳು ಫೋನ್ ಕೊಂಡು ಸುಖವಾಗಿಯೇ ಇರುತ್ತಾರೆ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವವರಿಗೆ ಮಾತ್ರ, ಸಂಜೆ ಐದಕ್ಕೆ ಕೆಂಪು ತೋರಿಸುವ ಬ್ಯಾಟರಿ ಯಾವ ಚೆಂದವನ್ನೂ ನೆನಪಿನಲ್ಲಿ ಉಳಿಸುವುದಿಲ್ಲ. ಚಿಕ್ಕ ಬ್ಯಾಟರಿಗೆ ಇನ್ನೊಂದು ಶಾಪವಿದೆ. ಹೆಚ್ಚು ಸಲ ತುಂಬಿ ಖಾಲಿಯಾಗುವುದರಿಂದ ಅದು ಬೇಗ ಮುದಿಯಾಗುತ್ತದೆ. ಎರಡನೇ ವರ್ಷದಲ್ಲಿ ಆ ವ್ಯತ್ಯಾಸ ಇನ್ನಷ್ಟು ಹಿಗ್ಗುತ್ತದೆ.

ಇನ್ನು ಗಾಜು. ಲೋಹದ ಬೆನ್ನು ರೇಡಿಯೊ ತರಂಗಗಳಿಗೂ ವೈರ್‌ಲೆಸ್ ಚಾರ್ಜಿಂಗಿಗೂ ಅಡ್ಡ ನಿಲ್ಲುತ್ತದೆ, ಗಾಜು ಬಂದದ್ದು ಆ ಕಾರಣಕ್ಕೆ ಎಂದು ಹೇಳುವುದುಂಟು. ಮಾತು ನಿಜ, ಆದರೆ ಪೂರ್ತಿ ಅಲ್ಲ. ಪ್ಲಾಸ್ಟಿಕ್ ಕೂಡ ಅಡ್ಡ ನಿಲ್ಲುವುದಿಲ್ಲ. 2021ರ ಗ್ಯಾಲಕ್ಸಿ ಎಸ್21ಕ್ಕೆ ಪ್ಲಾಸ್ಟಿಕ್ ಬೆನ್ನೇ ಇತ್ತು, ವೈರ್‌ಲೆಸ್ ಚಾರ್ಜಿಂಗೂ ಇತ್ತು. ಗಾಜನ್ನು ಆರಿಸುವುದು ಹೊಳಪಿಗೆ, ತಣ್ಣನೆಯ ಸ್ಪರ್ಶಕ್ಕೆ, 'ದುಬಾರಿ' ಅನ್ನಿಸಲಿ ಎಂಬುದಕ್ಕೆ. ಹದಿನಾಲ್ಕು ವರ್ಷ ರಿಪೇರಿ ಮೇಜಿನ ಮುಂದೆ ಕೂತವನಾಗಿ ಒಂದು ಮಾತು ಹೇಳಬಲ್ಲೆ: ಒಡೆದ ಬೆನ್ನು ತಂದವರು ಸಾಲುಗಟ್ಟಿ ಬಂದಿದ್ದಾರೆ, ಪ್ಲಾಸ್ಟಿಕ್ ಬೆನ್ನಿಗೆ ಗೀರು ಬಿದ್ದಿದೆ ಎಂದು ಬದಲಿಸಲು ಬಂದವರು ಒಬ್ಬರೂ ಇಲ್ಲ.

ಹಾಗಾದರೆ ಎರಡನೆಯದನ್ನೇ ಕೊಳ್ಳಿ ಎನ್ನುತ್ತೇನೆಯೇ? ನೀವು ಬರೆದಷ್ಟನ್ನೇ ನೋಡಿದರೆ, ಹೌದು. ಅಣ್ಣ ಗೆದ್ದ ಎಂದು ಬೀಗದಂತೆ ಒಂದು ತಿದ್ದುಪಡಿ ಮಾತ್ರ ಸೇರಿಸುತ್ತೇನೆ. ಇಟ್ಟಿಗೆಯಂಥ ಫೋನೂ ಕೈಗೆ ಕುರೂಪವಾಗಿರಬಹುದು. ಕೈಗೂ ಒಂದು ಸೌಂದರ್ಯಪ್ರಜ್ಞೆ ಇದೆ. ಗುಂಡಿ ಒತ್ತಿದಾಗ ಟಕ್ಕೆಂದು ಖಚಿತವಾಗಿ ಇಳಿಯಬೇಕು, ಅಲುಗಾಡಬಾರದು. ಚೌಕಟ್ಟು ಮತ್ತು ಬೆನ್ನು ಸೇರುವ ಕಡೆ ಉಗುರು ಎಳೆದರೆ ಸಿಕ್ಕಬಾರದು. ಕಂಪನ ನೊಣ ಗುಂಯ್‌ಗುಟ್ಟಿದಂತಿರದೆ, ಬೆರಳ ತುದಿಗೆ ಚುಟುಕಾಗಿ ತಟ್ಟಿದಂತಿರಬೇಕು. ಅಕ್ಷರ ಒತ್ತುವಾಗಲೆಲ್ಲ ಅದನ್ನು ಅನುಭವಿಸುವವರು ನೀವು. ಎರಡನೆಯ ಫೋನ್ ಇದರಲ್ಲಿ ಸೋತರೆ ಮೂರನೆಯದನ್ನು ಹುಡುಕಿ. ಹಾಗೆಯೇ ಎರಡರಲ್ಲಿ ಯಾವುದಕ್ಕೆ ಎಷ್ಟು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಸಿಗುತ್ತದೆ ಎಂದು ನೀವು ಬರೆದೇ ಇಲ್ಲ. ಒಂದಕ್ಕೆ ಎರಡು ವರ್ಷ, ಇನ್ನೊಂದಕ್ಕೆ ಆರು ವರ್ಷ ಎಂದಾದರೆ, ಮೇಲೆ ಹೇಳಿದ್ದನ್ನೆಲ್ಲ ಬದಿಗಿಟ್ಟು ಆರು ವರ್ಷದ್ದನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಕವರ್ ಹಾಕಿದರೆ ಫೋನಿನ ಅಂದವೇ ಮುಚ್ಚಿಹೋಗುತ್ತದೆ, ಹಾಕದಿದ್ದರೆ ಭಯ. ನೀವು ಹಾಕುತ್ತೀರಾ?

ಉತ್ತರ: ಹಾಕುತ್ತೇನೆ. ಅದಕ್ಕೇ ಫೋನ್ ಕೊಳ್ಳುವಾಗ ಕವರ್ ಹಾಕಿದ ಫೋನನ್ನೇ ಕೊಳ್ಳುತ್ತಿದ್ದೇನೆ ಎಂದುಕೊಳ್ಳುತ್ತೇನೆ. ಎಂಟು ಮಿಲಿಮೀಟರಿನ ಫೋನ್ ಕವರಿನೊಳಗೆ ಹನ್ನೊಂದಾಗುತ್ತದೆ, ಗಾಜಿನ ಬೆನ್ನು ರಬ್ಬರಿನ ಬೆನ್ನಾಗುತ್ತದೆ. ಹಾಗಿದ್ದ ಮೇಲೆ ಬೆನ್ನಿನ ಬಣ್ಣಕ್ಕಾಗಿ ಬೇರೆ ಅನುಕೂಲ ಬಿಟ್ಟುಕೊಡುವುದು, ಮುಚ್ಚಿಡುವ ಆಭರಣಕ್ಕೆ ಸಾಲ ಮಾಡಿದ ಹಾಗೆ.

ಈ ವಿಷಯದಲ್ಲಿ 2010ರ ಐಫೋನ್ 4ರ ಕಥೆ ನನಗೆ ಇಂದಿಗೂ ನಗು ತರಿಸುತ್ತದೆ. ಹಿಂದೆ ಮುಂದೆ ಗಾಜು, ಸುತ್ತಲೂ ಸ್ಟೀಲಿನ ಪಟ್ಟಿ, ಆ ಪಟ್ಟಿಯೇ ಆಂಟೆನಾ. ನೋಡಲು ಅಪ್ಪಟ ಶಿಲ್ಪ. ಆದರೆ ಕೆಳಗಿನ ಎಡಮೂಲೆಯ ಸಣ್ಣ ಸಂದನ್ನು ಅಂಗೈ ಮುಚ್ಚಿದರೆ ಸಿಗ್ನಲ್ ಕುಸಿಯುತ್ತಿತ್ತು. ಫೋನನ್ನು ಜನ ಹಿಡಿಯುವುದೇ ಹಾಗೆ! ಗಲಾಟೆ ಜೋರಾದ ಮೇಲೆ ಕಂಪನಿ ಕೊಂಡವರಿಗೆಲ್ಲ ಉಚಿತವಾಗಿ ಕವರ್ ಹಂಚಬೇಕಾಯಿತು. ಅಷ್ಟು ಚೆಂದದ ಪಟ್ಟಿಗೆ ಕೊನೆಗೆ ರಬ್ಬರಿನ ಅಂಗಿ.

ಕವರ್ ಇಲ್ಲದೆ ಬಳಸಲೇಬೇಕೆಂಬ ಹಟವಿದ್ದರೆ, ಅದಕ್ಕೆ ಹೊಂದುವ ಫೋನ್ ಆರಿಸಿ: ಸಪಾಟು ಪರದೆ, ಪ್ಲಾಸ್ಟಿಕ್ ಅಥವಾ ಒರಟು ಮೇಲ್ಮೈಯ ಬೆನ್ನು, ಪರದೆಯ ಸುತ್ತ ಸ್ವಲ್ಪ ಎದ್ದ ಚೌಕಟ್ಟು. ಮ್ಯಾಟ್ ಗಾಜಿಗೆ ಬೆರಳಚ್ಚು ಅಂಟುವುದಿಲ್ಲ, ಆದರೆ ಅದು ಸಾಬೂನಿನಂತೆ ಜಾರುತ್ತದೆ. ಮೆತ್ತನೆಯ ರಬ್ಬರ್ ಲೇಪನ ಮೊದಲ ವರ್ಷ ಹಿತ, ಕೆಲವು ವರ್ಷಗಳಲ್ಲಿ ಅಂಟಂಟಾಗುತ್ತದೆ. ಗೀರಿನ ಬಗ್ಗೆ ಒಂದು ತಪ್ಪುಕಲ್ಪನೆಯಿದೆ. ಎಲ್ಲರೂ ಬೀಗದ ಕೈಗೆ ಹೆದರುತ್ತಾರೆ. ಮೋಸ್ ಗಡಸುತನದ ಅಳತೆಯಲ್ಲಿ ಫೋನಿನ ಗಾಜಿಗೆ ಸುಮಾರು 6ರಲ್ಲಿ ಗೀರು ಬೀಳತೊಡಗುತ್ತದೆ. ಬೀಗದ ಕೈಯ ಲೋಹ ಅದಕ್ಕಿಂತ ಮೆದು. ಮರಳಿನ ಕಣದಲ್ಲಿರುವ ಸ್ಫಟಿಕಶಿಲೆ 7. ಜೇಬಿನ ಮೂಲೆಯಲ್ಲಿ ಕೂತ ದೂಳು-ಮರಳೇ ನಿಜವಾದ ಕಳ್ಳ. ಆಗಾಗ ಜೇಬನ್ನು ಒಳಹೊರಗು ಮಾಡಿ ಕೊಡವುವುದು ಯಾವ ಜಾಹೀರಾತೂ ಹೇಳಿಕೊಡದ ರಕ್ಷಣೆ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ಹತ್ತು ನಿಮಿಷದಲ್ಲಿ ಏನು ಪರೀಕ್ಷಿಸಬೇಕು? ಅಲ್ಲಿ ಎಲ್ಲ ಫೋನೂ ಚೆನ್ನಾಗಿಯೇ ಕಾಣುತ್ತದೆ.

ಉತ್ತರ: ಕಾಣುವಂತೆ ಮಾಡಿಟ್ಟಿರುತ್ತಾರೆ. ಪರದೆಯ ಬೆಳಕು ತುತ್ತತುದಿಯಲ್ಲಿ, ಗೋಡೆಚಿತ್ರ ಕಪ್ಪು ಹಿನ್ನೆಲೆಯ ಬಣ್ಣದೋಕುಳಿ, ಫೋನಿನ ಬೆನ್ನಿಗೆ ಕಳ್ಳರ ಕಾಟಕ್ಕೆ ಕಟ್ಟಿದ ತಂತಿ. ಆ ತಂತಿ ಇರುವವರೆಗೆ ತೂಕ ತಿಳಿಯುವುದಿಲ್ಲ, ಬಿಚ್ಚಿ ಕೊಡಲು ಕೇಳಿ.

ಮೊದಲು ಒಂದು ಉದ್ದನೆಯ ಸಂದೇಶವನ್ನು ಒಂದೇ ಕೈಯಲ್ಲಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ವಿನ್ಯಾಸಕ ಸ್ಟೀವನ್ ಹೂಬರ್ 2013ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ 1,333 ಸಲ ಜನರ ಫೋನ್ ಬಳಕೆಯನ್ನು ಗಮನಿಸಿ ಲೆಕ್ಕವಿಟ್ಟಿದ್ದರು. ಪರದೆ ಮುಟ್ಟುತ್ತಿದ್ದವರಲ್ಲಿ 49% ಜನ ಒಂದೇ ಕೈಯಲ್ಲಿ ಹಿಡಿದಿದ್ದರು. ಅಂದಿನಿಂದ ಫೋನುಗಳು ಬೆಳೆದಿವೆ, ಹೆಬ್ಬೆರಳು ಬೆಳೆದಿಲ್ಲ. ಇಲ್ಲಿ ನೋಡಬೇಕಾದ್ದು ಪರದೆಯ ಇಂಚಲ್ಲ, ಫೋನಿನ ಅಗಲ. ಒಂದೇ ಇಂಚಿನ ಎರಡು ಪರದೆಗಳಲ್ಲಿ ಉದ್ದನೆಯದು ಕಿರಿದಾಗಿರುತ್ತದೆ, ಕೈಗೆ ಒಗ್ಗುವುದು ಅದೇ. ಹೆಬ್ಬೆರಳು ಎದುರಿನ ಅಂಚಿಗೆ ತಲುಪಲು ಪ್ರತಿಸಲ ಹಿಡಿತ ಸಡಿಲಿಸಬೇಕಾದರೆ, ಆ ಫೋನ್ ಒಂದು ದಿನ ಬೀಳುವುದು ಖಂಡಿತ.

ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು ಮೂಲೆಯಲ್ಲಿ ಬೆರಳಾಡಿಸಿ. ಕ್ಯಾಮೆರಾ ಗುಡ್ಡ ಒಂದೇ ಪಕ್ಕಕ್ಕಿದ್ದರೆ ಮುರಿದ ಕಾಲಿನ ಕುರ್ಚಿಯಂತೆ ಕುಂಟುತ್ತದೆ. ಅಡ್ಡಲಾಗಿ ಬೆನ್ನುದ್ದಕ್ಕೂ ಇದ್ದರೆ ಕುಂಟುವುದಿಲ್ಲ. ಗುಡ್ಡವೇ ಬೇಡ ಎನ್ನುವಂತಿಲ್ಲ, ದೊಡ್ಡ ಸೆನ್ಸರಿಗೆ ಮಸೂರ ದೂರ ನಿಲ್ಲಲೇಬೇಕು, ಅದು ಬೆಳಕಿನ ನಿಯಮ. ಬಾಗಿಲ ಹೊರಗೆ ಬಿಸಿಲಿಗೆ ಹೋಗಿ ಪರದೆ ಓದಿ. ಪೋಲರಾಯ್ಡ್ ತಂಪುಕನ್ನಡಕ ಹಾಕುವ ಅಭ್ಯಾಸವಿದ್ದರೆ ಹಾಕಿಕೊಂಡೇ ಫೋನನ್ನು ಅಡ್ಡ-ನೇರ ತಿರುಗಿಸಿ, ಕೆಲವು ಪರದೆ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತದೆ. ಸ್ಪೀಕರಿನ ತೂತು ಎಲ್ಲಿದೆ ನೋಡಿ, ಅಡ್ಡ ಹಿಡಿದಾಗ ನಿಮ್ಮ ಬೆರಳೇ ಅದನ್ನು ಮುಚ್ಚುತ್ತದೆಯೇ?

ನೀರಿನ ಬಗ್ಗೆ ಮಾರುವವರ ಮಾತನ್ನು ಅರ್ಧ ಮಾತ್ರ ನಂಬಿ. ನೀರು-ದೂಳು ತಡೆಯುವ ದರ್ಜೆಗಳಲ್ಲಿ ಐಪಿ67 ಎಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ, ಅದೂ ಹೊಸ ಫೋನಿಗೆ. ಐಪಿ68ರಲ್ಲಿ ಆಳ ಎಷ್ಟೆಂದು ಕಂಪನಿಯೇ ಹೇಳಬೇಕು. ಒಳಗಿನ ಅಂಟು ವರ್ಷ ಕಳೆದಂತೆ ಸೋಲುತ್ತದೆ, ಒಮ್ಮೆ ಬಿದ್ದು ಚೌಕಟ್ಟು ಸ್ವಲ್ಪ ಸೊಟ್ಟಗಾದರೂ ಸಾಕು.

ಅಂಗಡಿಯಲ್ಲಿ ಯಾರೂ ತೋರಿಸದ ಒಂದು ಕಾಗದವೂ ಇದೆ. 2025ರ ಜೂನ್ 20ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಹೊಸ ಮಾದರಿಯ ಫೋನುಗಳಿಗೆ ಒಂದು ಚೀಟಿ ಕಡ್ಡಾಯ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಗಂಟೆ, ಬ್ಯಾಟರಿ ಎಷ್ಟು ಸಲ ತುಂಬಿ ಖಾಲಿಯಾಗುವುದನ್ನು ತಾಳುತ್ತದೆ, ಬಿದ್ದರೆ ತಡೆಯುವುದರಲ್ಲಿ ಎ-ಯಿಂದ ಇ-ವರೆಗೆ ಯಾವ ದರ್ಜೆ, ರಿಪೇರಿಗೆ ಯಾವ ದರ್ಜೆ ಎಂಬುದೆಲ್ಲ ಅದರಲ್ಲಿರುತ್ತದೆ. ನೀವು ನೋಡಿದ ಮಾದರಿ ಅಲ್ಲೂ ಮಾರಾಟವಾಗುತ್ತಿದ್ದರೆ ಅದರ ಚೀಟಿಯನ್ನು ಅಂತರ್ಜಾಲದಲ್ಲಿ ಹುಡುಕಬಹುದು. ಜಾಹೀರಾತಿನ ಹತ್ತು ವಿಡಿಯೊಗಿಂತ ಆ ಒಂದು ಚೀಟಿ ವಾಸಿ. ಒಂದು ಎಚ್ಚರಿಕೆ: ಒಂದೇ ಹೆಸರಿನ ಫೋನಿಗೆ ಬೇರೆ ಬೇರೆ ಮಾರುಕಟ್ಟೆಯಲ್ಲಿ ಬೇರೆ ಅಳತೆಯ ಬ್ಯಾಟರಿ ಇಡುವುದುಂಟು.

ಪ್ರಶ್ನೆ: ಎಪ್ಪತ್ತು ದಾಟಿದ ಅಪ್ಪನಿಗೆ ಪ್ರೀತಿಯಿಂದ ಒಳ್ಳೆಯ, ಸೊಗಸಾದ ಫೋನ್ ಕೊಡಿಸಿದೆ. ಈಗ ತಾನಾಗಿಯೇ ಯಾರಿಗೋ ಕರೆ ಹೋಗುತ್ತದೆ, ಬೆರಳಿಟ್ಟರೆ ತೆರೆಯುವುದಿಲ್ಲ ಎಂದು ದಿನವೂ ದೂರು. ಹಳೆಯ ಗುಂಡಿ ಫೋನನ್ನೇ ವಾಪಸ್ ಕೊಡು ಅನ್ನುತ್ತಾರೆ.

ಉತ್ತರ: ಅಪ್ಪ ಹೇಳುವುದರಲ್ಲಿ ಹುರುಳಿದೆ. ತಪ್ಪು ಅವರ ಬೆರಳಿನದಲ್ಲ. ವಯಸ್ಸಾದಂತೆ ಚರ್ಮ ಒಣಗುತ್ತದೆ, ಬೆರಳಿನ ಗೆರೆಗಳು ಸವೆಯುತ್ತವೆ, ಪರದೆಯಡಿಯ ಸೆನ್ಸರಿಗೆ ಅವು ಸರಿಯಾಗಿ ಓದಿಸಿಕೊಳ್ಳುವುದಿಲ್ಲ. ಪಕ್ಕದ ಗುಂಡಿಯಲ್ಲೇ ಬೆರಳಚ್ಚು ಓದುವ ಫೋನುಗಳು ನೋಡಲು ಹಳೆಯ ಕಾಲದವು ಅನ್ನಿಸಿದರೂ ಇಂಥ ಕೈಗಳಿಗೆ ಎಷ್ಟೋ ವಾಸಿ. ಸದ್ಯಕ್ಕೆ ಅದೇ ಬೆರಳನ್ನು ಎರಡೆರಡು ಸಲ ನೋಂದಾಯಿಸಿ, ಇಲ್ಲವೇ ಬೆರಳಚ್ಚು ಬಿಟ್ಟು ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಇಟ್ಟುಕೊಡಿ.

ಹೊಸದು ಕೊಳ್ಳುವ ಮೊದಲು ಇರುವುದನ್ನೇ ಪಳಗಿಸಿ ನೋಡಿ. ಸೆಟ್ಟಿಂಗ್ಸಿನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ, ಬೆರಳು ಎಷ್ಟು ಹೊತ್ತು ಊರಿದರೆ ಒತ್ತಿದಂತೆ ಎಂಬ ಕಾಲವನ್ನು ಹೆಚ್ಚಿಸಬಹುದು. ಕೈ ನಡುಗುವವರಿಗೆ ಇದು ವರದಾನ. ಬೆರಳು ಎಳೆದು ನಡೆಸುವ ವಿಧಾನ ತೆಗೆದು ಕೆಳಗಿನ ಮೂರು ಗುಂಡಿಗಳನ್ನು ವಾಪಸ್ ತರಿಸಿ. ಅಕ್ಷರ ದೊಡ್ಡದು ಮಾಡುವಾಗ ಇಂಗ್ಲಿಷ್ ಓದಿ ಸಾಕು ಎಂದುಕೊಳ್ಳಬೇಡಿ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂರುತ್ತವೆ, ಅವು ಬಿಡಿಬಿಡಿಯಾಗಿ ಕಾಣುವ ತನಕ ಹಿಗ್ಗಿಸಿ. ತುದಿ ಒರಟಾಗಿರುವ, ಅಂಚು ದಪ್ಪಗಿರುವ ಕವರ್ ಹಾಕಿದರೆ ತಾನಾಗಿ ಹೋಗುವ ಕರೆಗಳು ಬಹುಮಟ್ಟಿಗೆ ನಿಲ್ಲುತ್ತವೆ.

ಹಾಗೂ ಬಗ್ಗದಿದ್ದರೆ ಗುಂಡಿ ಫೋನೇ ಕೊಡಿ, ಅವಮಾನವೇನಿಲ್ಲ. 2003ರಲ್ಲಿ ನೋಕಿಯಾ ಎಲೆಯಾಕಾರದ 7600 ತಂದಿತು, ಗುಂಡಿಗಳು ಪರದೆಯ ಎರಡು ಪಕ್ಕಕ್ಕೆ ಹಂಚಿಹೋಗಿದ್ದವು. ಅದಕ್ಕೂ ಸ್ವಲ್ಪ ಮುಂಚೆ ಬಂದ 3650ರಲ್ಲಿ ಅಂಕಿಗಳು ಹಳೆಯ ಟೆಲಿಫೋನಿನ ಚಕ್ರದಂತೆ ಗುಂಡಗೆ ಸುತ್ತಿಕೊಂಡಿದ್ದವು. ಕಣ್ಣು ಮುಚ್ಚಿ ಒತ್ತುತ್ತಿದ್ದವರು ಕಕ್ಕಾಬಿಕ್ಕಿಯಾದರು. ಕಂಪನಿ ಮುಂದಿನ 3660ಕ್ಕೆ ಸಾಲುಸಾಲು ಗುಂಡಿಗಳನ್ನು ಮರಳಿ ಜೋಡಿಸಿತು. ಅದೇ 2003ರಲ್ಲಿ ಬಂದ ಇನ್ನೊಂದು ಫೋನನ್ನು ಚೆಂದ ಎಂದು ಯಾರೂ ಹೊಗಳಲಿಲ್ಲ: ದೂಳು ಹೋಗದ ಒಂದೇ ಹಾಳೆಯ ಕೀಲಿಮಣೆ, ಜಾರದ ಪಕ್ಕೆಗಳು, ನೆತ್ತಿಯ ಮೇಲೊಂದು ಟಾರ್ಚು. ಆ ನೋಕಿಯಾ 1100 ಸುಮಾರು 25 ಕೋಟಿ ಮಾರಾಟವಾಯಿತು.

ಪ್ರಶ್ನೆ: ಮಡಚುವ ಫೋನ್ ಬರೀ ಶೋಕಿಯೇ?

ಉತ್ತರ: ಅಲ್ಲ. ಮಡಚುವುದರಿಂದ ಜೇಬಿನಲ್ಲಿ ಅರ್ಧವಾಗುವುದು ನಿಜವಾದ ಉಪಯೋಗ. 2004ರ ಮೊಟೊರೊಲಾ ರೇಜರ್ ವಿ3 ಮಡಚಿದರೆ 13.9 ಮಿಲಿಮೀಟರ್ ಇತ್ತು, ಕರೆ ಮುಗಿಸಲು ಟಪ್ ಎಂದು ಮುಚ್ಚುವ ಸುಖಕ್ಕೇ ಎಷ್ಟೋ ಜನ ಅದನ್ನು ಕೊಂಡರು. ಇಂದಿನವುಗಳ ಕಷ್ಟ ಒಳಪರದೆಯದು. ಕೂದಲಿಗಿಂತ ತೆಳುವಾದ ಗಾಜಿದ್ದರೂ ಮೇಲ್ಪದರ ಪ್ಲಾಸ್ಟಿಕ್, ಉಗುರಿನ ಒತ್ತಕ್ಕೂ ಗುರುತು ಬೀಳಬಹುದು. 2019ರಲ್ಲಿ ಮೊದಲ ಗ್ಯಾಲಕ್ಸಿ ಫೋಲ್ಡ್ ಕೈಗೆ ಬಂದ ವಿಮರ್ಶಕರಲ್ಲಿ ಕೆಲವರು ಆ ಪದರವನ್ನು ಪ್ಯಾಕಿಂಗಿನ ಹಾಳೆ ಎಂದುಕೊಂಡು ಕಿತ್ತು ಪರದೆಯನ್ನೇ ಕೆಡಿಸಿದ್ದರು, ಮಾರಾಟ ತಿಂಗಳುಗಟ್ಟಲೆ ಮುಂದೆ ಹೋಯಿತು. ಈಗ ಸುಧಾರಿಸಿದೆ. ಆದರೂ ದೂಳಿನ ಕೆಲಸದವರು, ಐದು ವರ್ಷ ಒಂದೇ ಫೋನ್ ಬಳಸುವವರು ದೂರವಿರುವುದು ಒಳ್ಳೆಯದು.

ಪ್ರಶ್ನೆ: ಬಣ್ಣ ಇಷ್ಟವಾಯಿತೆಂದೇ ಫೋನ್ ತೆಗೆದುಕೊಂಡೆ. ಗೆಳತಿಯರು ನಗುತ್ತಿದ್ದಾರೆ.

ಉತ್ತರ: ಬೇರೆಲ್ಲ ಸರಿಯಿರುವ ಎರಡು ಫೋನುಗಳ ನಡುವೆ ಬಣ್ಣ ನೋಡಿ ಆರಿಸಿದ್ದರೆ, ಅದಕ್ಕಿಂತ ಒಳ್ಳೆಯ ಕಾರಣ ನನಗೂ ಹೊಳೆಯುವುದಿಲ್ಲ. ಪಾರದರ್ಶಕ ಕವರ್ ಹಾಕಿ. ಕೆಲವು ತಿಂಗಳಲ್ಲಿ ಅದು ಹಳದಿಯಾಗುತ್ತದೆ, ಆಗ ಕವರ್ ಬದಲಿಸಿ, ಫೋನನ್ನಲ್ಲ.